ಸಾಲಿ ದಾರಿಯ ಪಾಳಿ

ಕಾಲುವೆಗೆ ನೀರು ಬಿಟ್ಟರು ಅನ್ನುವ ಸುದ್ದಿ ಬಂತೆಂದರೆ ಬಾದನಹಟ್ಟಿಯ ಸುತ್ತಮುತ್ತ ಹಿಗ್ಗೋ ಹಿಗ್ಗು. ಗಂಡಸರು ದಂಡೆಗೆ ಓಡುತ್ತಾರೆ. ಹೆಂಗಸರು ಅರಿಸಿನ ಕುಂಕುಮ ಹಿಡಿದು ಹಿಂದೆಯೇ ಹೋಗುತ್ತಾರೆ. ಬಿರುಕು ಬಿಟ್ಟ ಕಾಲುವೆಯ ತಳದ ಮೇಲೆ ನೊರೆ ಹೊತ್ತ ಕೆಂಪು ನೀರು, ದಾರಿ ಕೇಳಿಕೊಂಡು ಬರುವ ಹೊಸ ಬೀಗರ ಹಾಗೆ, ಮೆಲ್ಲಮೆಲ್ಲಗೆ ಬರುತ್ತದೆ. ಅದನ್ನು ನೋಡುತ್ತಾ ನಿಂತವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಅದೇ ದಿನ ಕಾಲುವೆಯಾಚೆಯ ಓಣಿಯಲ್ಲಿ ಮಕ್ಕಳ ಪಾಟಿಚೀಲಗಳು ಗೂಟಕ್ಕೆ ಏರುತ್ತಿದ್ದವು. ಶಾಲೆ ಇರುವುದು ಊರೊಳಗೆ, ಓಣಿ ಇರುವುದು ಗದ್ದೆಗಳ ಆಚೆ. ನಡುವೆ ಒಂದೂವರೆ ಮೈಲಿ ದಂಡೆಯ ದಾರಿ. ಎರೆಮಣ್ಣಿನ ದಂಡೆ, ನಾಲ್ಕು ಹನಿ ಬಿದ್ದರೆ ಸಾಕು, ಕಾಲು ನಿಲ್ಲುವುದಿಲ್ಲ. ತೂಬಿನ ಹತ್ತಿರ ಕಾಲುವೆ ದಾಟಲು ಒಂದು ಉದ್ದನೆಯ ಹಲಗೆ, ಹಿಡಿದುಕೊಳ್ಳಲು ಕಂಬಿಯಿಲ್ಲ. ಹಿಂದಿನ ವರ್ಷ ಪಕ್ಕೀರಮ್ಮನ ಮಗ ಅಲ್ಲೇ ಜಾರಿ ಬಿದ್ದಿದ್ದ. ಹುಲ್ಲು ಕೊಯ್ಯುತ್ತಿದ್ದವರು ಜಿಗಿದು ಎತ್ತಿದರು, ಹುಡುಗ ಉಳಿದ. ಉಳಿದ ಅನ್ನುವುದನ್ನು ಮರೆತು ಓಣಿಯ ತಾಯಂದಿರು ಬಿದ್ದ ಅನ್ನುವುದನ್ನಷ್ಟೇ ನೆನಪಿಟ್ಟುಕೊಂಡರು. ಅವರದೇನೂ ತಪ್ಪಿಲ್ಲ ಬಿಡಿ, ಹೆತ್ತ ಹೊಟ್ಟೆ.

ಇದು ಎಪ್ಪತ್ತಾರನೆಯ ಇಸವಿಯ ಮಳೆಗಾಲದ ಮಾತು.

ಆ ಓಣಿಯಲ್ಲಿ ನೀರಿನ ಪಾಳಿ ಹಂಚುವವನು ಮರಿಬಸಪ್ಪ. ಯಾರ ಗದ್ದೆಗೆ ಯಾವಾಗ ನೀರು, ಎಷ್ಟು ಹೊತ್ತು ನೀರು ಅಂತ ಅವನು ಹೇಳಿದರೆ ಮುಗಿಯಿತು, ಎದುರು ಮಾತಿಲ್ಲ. ಎಕರೆ ಹೆಚ್ಚಿದ್ದವನಿಗೆ ಹೆಚ್ಚು ಪಾಳಿ, ಕಡಿಮೆ ಇದ್ದವನಿಗೆ ಕಡಿಮೆ. ಅಲ್ಲಿ ತಮ್ಮನಿಲ್ಲ, ಬೀಗನಿಲ್ಲ. ರಾತ್ರಿಯೆಲ್ಲ ದಂಡೆ ಕಾದು ಹೊತ್ತು ಮೂಡುವಾಗ ಮನೆಗೆ ಬರುವ ಮನುಷ್ಯ. ಹಾಗಾಗಿ ಅವನ ಮುಂಜಾನೆಗಳೆಲ್ಲ ಅರ್ಧ ಎಚ್ಚರ, ಅರ್ಧ ಕನಸು. ಕಣ್ಣು ಮುಚ್ಚಿದರೆ ರೆಪ್ಪೆಯೊಳಗೂ ನೀರು ಹರಿಯುತ್ತಲೇ ಇರುತ್ತಿತ್ತು.

ಅಂಥ ಒಂದು ಮುಂಜಾನೆ ಅವನು ಮನೆಗೆ ಬಂದಾಗ ಮಗಳು ಉಚ್ಚೆಂಗೆಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಒಂದು ಚೊಂಬು ನೀರು. ಬೆರಳು ಅದ್ದಿ ಕಟ್ಟೆಯ ಕಲ್ಲಿನ ಮೇಲೆ ಏನೋ ಬರೆಯುತ್ತಿದ್ದಳು. ಬರೆದದ್ದು ಆರಿಹೋಗುತ್ತಿತ್ತು. ಮತ್ತೆ ಬೆರಳು ಅದ್ದುತ್ತಿದ್ದಳು.

“ಏನವಾ ಅದು?” ಎಂದ ಮರಿಬಸಪ್ಪ, ಅರೆಗಣ್ಣಿನಲ್ಲೇ.

“ಮಗ್ಗಿ, ಯಪ್ಪಾ. ಮರ್ತು ಹೋಗ್ತೈತಿ ಅಂತ ಬರಿಯಾಕತ್ತೀನಿ.”

ಒಳಗಿನಿಂದ ಅವಳ ತಾಯಿ ಗುರುಬಸಮ್ಮ ರೊಟ್ಟಿ ತಟ್ಟುತ್ತಲೇ ಮಾತು ಎಸೆದಳು. “ಬರೀಲಿ, ಬರೀಲಿ. ಕಾಲುವಿ ನಿಂದ್ರಾದು ಸುಗ್ಗಿ ಮುಗಿದ ಮ್ಯಾಲ. ಅಷ್ಟೊತ್ತಿಗಿ ನಾಕನೇ ಕ್ಲಾಸು ಮುಗದ ಹೋಗಿರ್ತೈತಿ. ಹೋದ ವರ್ಷಾನೂ ಹಿಂಗ ಆತು. ಈ ವರ್ಷಾನೂ ತಪ್ಪಿತಂದ್ರ ಇಕಿ ಸಾಲಿ ಮುಗೀತು ಅಂತ ತಿಳ್ಕೊರಿ. ಮೆಣಸಿನಕಾಯಿ ಬಿಡ್ಸಾಕ ಕಳಸಾದ.”

“ಹಂಗಂತ ಮಗಳನ್ನ ನೀರಿಗಿ ದೂಡ್ಲೇನು?”

“ದೂಡ್ರಿ ಅಂದೆನಾ ನಾನು? ಇಬ್ರೂ ಸೇರಿ ಏನರ ಯೋಚನಿ ಮಾಡೋಣ ಅಂದೆ. ನೀವಂತೂ ನಿದ್ದ್ಯಾಗ ಅದೀರಿ.”

ನಿದ್ದೆಯಲ್ಲಿ ಇದ್ದದ್ದು ನಿಜವೇ. ಮರಿಬಸಪ್ಪ ಕಂಬಕ್ಕೆ ಒರಗಿದ. ಉಚ್ಚೆಂಗೆಮ್ಮನ ಮಗ್ಗಿ ಕಲ್ಲಿನ ಮೇಲಿಂದ ಆವಿಯಾಗಿ ಮೇಲೆ ಹೋಗುತ್ತಿತ್ತು. ಎಲ್ಲಿಗೆ ಹೋಗುತ್ತದೋ ಅಂತ ಅವನು ನೋಡುತ್ತಾ ಕೂತ. 

ಆ ಹೊತ್ತಿಗೆ ಬಾಗಿಲಲ್ಲಿ ಯಾರೋ ಕೆಮ್ಮಿದರು. ಶಾಲೆಯ ಅಕ್ಕೋರು ಇಂದಿರಾಬಾಯಿ. ಬಳ್ಳಾರಿ ಕಂಟೋನ್ಮೆಂಟಿನಲ್ಲಿ ಹುಟ್ಟಿ ಬೆಳೆದವರು, ಈಗ ಬಾದನಹಟ್ಟಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಚಪ್ಪಲಿ ಕೈಯಲ್ಲಿ, ಕೆಸರು ಮೊಣಕಾಲ ತನಕ.

“ಬರ್ರಿ ಅಕ್ಕೋರ, ಕಾಲಿಗಿ ನೀರು ತಗೋರಿ,” ಎಂದು ಗುರುಬಸಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

“ನೀರು ಇರಲಿ ಗುರುಬಸಮ್ಮ, ಮೊದಲು ಇದನ್ನ ಹೇಳ್ರಿ. ನಿಮ್ಮ ಓಣ್ಯಾಗಿಂದ ಒಬ್ರೂ ಸಾಲಿಗೆ ಬರವಲ್ರು. ನಾನು ಯಾರಿಗೆ ಪಾಠ ಹೇಳ್ಲಿ, ಗ್ವಾಡಿಗೇನು?”

ಮರಿಬಸಪ್ಪ ತಲೆ ಕೆರೆದುಕೊಂಡ. “ಹಲಗಿಗಿ ಕಂಬಿ ಹಾಕ್ಸ್ರಿ ಅಕ್ಕೋರ. ನಾಳೀಗೇ ಕಳಸ್ತೀವಿ.”

“ಕಂಬಿ ಬೇಕಂತ ಕಾಲುವಿ ಆಫೀಸಿಗೆ ಅರ್ಜಿ ಕೊಟ್ಟೀನಿ. ಇನ್ನೊಮ್ಮೆ ಎಲ್ಲಾರೂ ಸೇರಿ ಕೇಳೋಣ, ನೀವೂ ಬರ್ರಿ. ಆದ್ರ ಕಂಬಿ ಬರೋತನಕ ಈ ಹುಡುಗಿ ಬೆಳಿಯೋದು ನಿಲ್ಲಸ್ತಾಳೇನು?”

ಇಂದಿರಾಬಾಯಿ ಕಟ್ಟೆಯ ಮೇಲೆ ಕೂತರು.

“ನೋಡ್ರಿ, ದೊಡ್ಡೋರೊಬ್ರು ಮಕ್ಕಳ ಸಂಗಾಟ ಬಂದ್ರ ಸಾಕು. ಮುಂಜಾನಿ ಬಿಟ್ಟು ಹೋಗ್ರಿ, ಸಂಜಿಗೆ ಕರ್ಕೊಂಡು ಹೋಗ್ರಿ. ಹಲಗಿ ಮ್ಯಾಲ ಒಬ್ಬೊಬ್ಬರನ್ನ ಕೈ ಹಿಡಿದು ದಾಟಸ್ರಿ. ರೊಕ್ಕ ಕೇಳಾಕ ಬಂದಿಲ್ಲ ನಾನು. ನಿಮ್ಮ ಹೊತ್ತು ಕೇಳಾಕ ಬಂದೀನಿ.”

“ನಾಟಿ ಕಾಲ ಅಕ್ಕೋರ. ದಿನಾ ಹೋಗಾಕ ಯಾರಿಗಿ ಬಿಡುವು ಐತ್ರಿ?”

“ದಿನಾ ಒಬ್ರ ಯಾಕ ಹೋಗಬೇಕು? ನೀರಿಗೆ ಪಾಳಿ ಇಲ್ಲೇನು ನಿಮ್ಮಲ್ಲಿ? ದಾರಿಗೂ ಹಂಗ ಮಾಡ್ರಿ.”

ಪಾಳಿ ಅಂದರೆ ಮರಿಬಸಪ್ಪನಿಗೆ ನಿದ್ದೆಯಲ್ಲೂ ಎಚ್ಚರ. ಅವನ ಕಣ್ಣು ಪೂರಾ ತೆರೆಯಿತು.

ಅಂದು ಸಂಜೆಯೇ ಓಣಿಯವರೆಲ್ಲ ಬಸವಣ್ಣನ ಕಟ್ಟೆಯ ಹತ್ತಿರ ಸೇರಿದರು. ಇಂದಿರಾಬಾಯಿ ಇನ್ನೊಮ್ಮೆ ಎಲ್ಲ ಹೇಳಿದರು. ಎಲ್ಲರಿಗಿಂತ ಮೊದಲು ಎದ್ದು ನಿಂತವನು ಗಾದಿಲಿಂಗಪ್ಪ. ಮರಿಬಸಪ್ಪನ ಗದ್ದೆಗೆ ಹೊಂದಿಕೊಂಡೇ ಅವನ ಗದ್ದೆ. ಮನೆಯಲ್ಲಿ ಐದು ಮಕ್ಕಳು, ಬಾಯಲ್ಲಿ ಯಾವಾಗಲೂ ಒಂದು ಆಕ್ಷೇಪಣೆ.

“ಅಲ್ರೀ ಅಕ್ಕೋರ, ಸಾಲಿ ಸರಕಾರದ್ದು. ಪಗಾರ ಕೊಟ್ಟು ನಿಮ್ಮನ್ನ ಇಟ್ಟಾರ. ಇನ್ನ ನಾವೂ ಹೋಗಿ ಕಾಯಬೇಕಂದ್ರ ಇದೆಂಥ ನ್ಯಾಯ?”

ಹೆಂಗಸರ ಕಡೆಯಿಂದ ಗುರುಬಸಮ್ಮನ ದನಿ ಬಂತು. “ಗಾದಿಲಿಂಗಣ್ಣ, ಕಾಲುವೀನೂ ಸರಕಾರದ್ದ. ಹಂಗಂತ ನೀರು ತಾನ ನಡಕೊಂಡು ನಿನ್ನ ಗದ್ದಿಗಿ ಬರ್ತೈತೇನು? ಸಲಿಕಿ ಹಿಡ್ಕೊಂಡು ನೀನ ನಿಂದ್ರಬೇಕಲ್ಲ?”

ಜನ ಹೋ ಎಂದು ನಕ್ಕರು. ಗಾದಿಲಿಂಗಪ್ಪ ಮೀಸೆ ತೀಡುತ್ತಾ ಕೂತುಬಿಟ್ಟ. ಆಗ ಮರಿಬಸಪ್ಪ ಗಂಟಲು ಸರಿಮಾಡಿಕೊಂಡು ಪಾಳಿ ಹಂಚಲು ನಿಂತ. ಅವನಿಗೆ ಗೊತ್ತಿದ್ದದ್ದು ಒಂದೇ ರೀತಿ.

“ಎಕರೀಗಿ ಹೆಂಗೋ ಮಕ್ಕಳಿಗಿ ಹಂಗ. ಒಂದು ಹುಡುಗ್ಗ ಒಂದು ಪಾಳಿ. ನಂದು ಒಂದು ಮಗಳು, ನಂದೊಂದು ಪಾಳಿ. ಗಾದಿಲಿಂಗಣ್ಣಂದು ಐದು ಹುಡುಗ್ರು ಸಾಲಿಗಿ ಹೋಗ್ತಾವ, ಅವಂದು ಐದು. ಯಾರಿಗೂ ಮೋಸ ಇಲ್ಲ.”

“ನ್ಯಾಯ, ನ್ಯಾಯ!” ಎಂದರು ಜನ. ನೀರು ಕುಡಿದಷ್ಟು ಸಲೀಸಾಗಿ ಎಲ್ಲರ ತಲೆಗೂ ಇಳಿಯಿತು. ಇಂದಿರಾಬಾಯಿ ಮಾತ್ರ ಏನೋ ಹೇಳಲು ಬಾಯಿ ತೆರೆದರು. ಇಷ್ಟಾದರೂ ಆಯಿತಲ್ಲ, ಮೊದಲು ಮಕ್ಕಳು ಬರಲಿ ಅಂದುಕೊಂಡು ಸುಮ್ಮನಾದರು.

ಮೊದಲ ಪಾಳಿ ಮರಿಬಸಪ್ಪನದೇ. ಮುಂಜಾನೆ ಮೋಡ ಕೆಳಗಿಳಿದು ಗದ್ದೆಗಳ ಮೇಲೆ ಕೂತಿತ್ತು. ಬೆಳ್ಳಕ್ಕಿಗಳು ಎಲ್ಲಿ, ಮೋಡ ಎಲ್ಲಿ ಅಂತ ಗುರುತು ಸಿಗುತ್ತಿರಲಿಲ್ಲ. ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದು ಉದ್ದಕ್ಕೆ ಸಾಲಾಗಿ ನಡೆದರು. ಅವನು ಕಾಲುವೆಯ ಕಡೆಯ ಅಂಚಿನಲ್ಲಿ ನಡೆದ. ಅಯ್ಯೋ, ಎಷ್ಟು ವರ್ಷ ಈ ದಂಡೆಯ ಮೇಲೆ ಓಡಾಡಿಲ್ಲ ಅವನು! ಆದರೆ ಯಾವತ್ತೂ ಹೆಗಲ ಮೇಲೆ ಸಲಿಕೆ, ತಲೆಯಲ್ಲಿ ಲೆಕ್ಕ. ಬರಿಗೈಯಲ್ಲಿ, ಏನೂ ಕೆಲಸವಿಲ್ಲದೆ, ಮಕ್ಕಳ ಮಾತು ಕೇಳುತ್ತಾ ನಡೆದದ್ದು ಇದೇ ಮೊದಲು. ದಂಡೆಯೇ ಬೇರೆ ಅನ್ನಿಸಿತು. ಯಾವುದೋ ಕಾಣದ ಊರಿಗೆ ಹೊರಟ ಹಾಗೆ ಅನ್ನಿಸಿತು.

ಅವನ ಮುಂದೆ ಉಚ್ಚೆಂಗೆಮ್ಮ, ಅವಳ ಕೈ ಹಿಡಿದು ಗಾದಿಲಿಂಗಪ್ಪನ ದೊಡ್ಡ ಮಗಳು ಅಂಬಮ್ಮ. ಎರಡೂ ಒಂದೇ ವಯಸ್ಸಿನವು, ಒಂದೇ ಕ್ಲಾಸಿನವು, ಒಂದನ್ನು ಬಿಟ್ಟು ಒಂದು ಇರುವುದಿಲ್ಲ. ಕಾಲುವೆಗೆ ನೀರು ಬರುವ ಮೊದಲಿಂದಲೂ ಅಕ್ಕೋರು ದಿನವೂ ಪಾಠ ಮುಗಿದ ಮೇಲೆ ಒಂದು ಕಥೆಯನ್ನು ಚೂರುಚೂರೇ ಹೇಳುತ್ತಾರಂತೆ. ನೀರು ಎಲ್ಲಿ ಮಲಗುತ್ತದೆ ಅಂತ ನೋಡಲು ಹೊರಟ ಒಂದು ಆಮೆಯ ಕಥೆ.

“ಆಮಿ ಮೊದಲು ಬಾವೀನ್ನ ಕೇಳ್ತಂತ ಯಪ್ಪಾ,” ಎಂದಳು ಉಚ್ಚೆಂಗೆಮ್ಮ. “ನೀರು ನಿನ್ನಲ್ಲಿ ಮಕ್ಕೊಂತೈತೇನು ಅಂತ. ಇಲ್ಲಪ್ಪ, ಕೊಡ ಬಂದು ಬಂದು ಎಬ್ಬಸ್ತಾವ ಅಂತಂತ ಬಾವಿ.”

“ಆಮ್ಯಾಲ ಹಳ್ಳಾನ ಕೇಳ್ತಂತ ಮಾವ,” ಎಂದಳು ಅಂಬಮ್ಮ.

ಮರಿಬಸಪ್ಪ ಹೂಂ, ಹೂಂ ಅನ್ನುತ್ತಾ ನಡೆದ. ಹಲಗೆ ಬಂತು. ಒಬ್ಬೊಬ್ಬರನ್ನೇ ಕೈ ಹಿಡಿದು ದಾಟಿಸಿದ. ಚಿಕ್ಕಚಿಕ್ಕ ಕೈಗಳು, ಒದ್ದೆಯಾಗಿ, ಬೆಚ್ಚಗೆ. ಶಾಲೆಯ ಗಂಟೆ ಕೇಳಿದಾಗಲೇ ಅವನಿಗೆ ಊರು ಬಂದದ್ದು ತಿಳಿದದ್ದು.

ಹೀಗೆ ಕೆಲವು ದಿನ ಚೆನ್ನಾಗಿಯೇ ನಡೆಯಿತು. ಪಕ್ಕೀರಮ್ಮನೇ ಒಂದು ದಿನ ಬಂದಳು. ತನ್ನ ಮಗ ಬಿದ್ದ ಹಲಗೆಯ ಮೇಲೆಯೇ ಮಕ್ಕಳನ್ನು ದಾಟಿಸಿಯೇ ಬಿಟ್ಟಳು. ಆಮೇಲೆ ಗಾದಿಲಿಂಗಪ್ಪನ ಪಾಳಿ. ಐದು ಮಕ್ಕಳು, ಒಂದರ ಹಿಂದೊಂದು ಐದು ದಿನ. ಹೋಗುವಾಗ ಗೊಣಗಿದ, ಬರುವಾಗ ಗೊಣಗಿದ. ಐದನೆಯ ದಿನದ ಸಂಜೆ ಮನೆಗೆ ಬಂದವನೇ ಹೆಂಡತಿಗೆ ಹೇಳಿದ, “ನಾಳಿಂದ ಗಂಡುಹುಡುಗ್ರು ಇಬ್ರ ಹೋಗ್ಲಿ. ಹೆಣ್ಣು ಮೂರೂ ಮನ್ಯಾಗಿರ್ಲಿ. ಐದು ಪಾಳಿ ಯಾರು ಮಾಡ್ತಾರ? ಎರಡು ಸಾಕು.”

ನೋಡಿ, ಬುದ್ಧಿ ಹೇಗೆ ಓಡುತ್ತದೆ! ಗಾದಿಲಿಂಗಪ್ಪನನ್ನು ನೋಡಿ ಇನ್ನೊಬ್ಬ ತನ್ನ ಮಗಳನ್ನು ನಿಲ್ಲಿಸಿದ. ಅವನನ್ನು ನೋಡಿ ಮತ್ತೊಬ್ಬ. ತೆರಿಗೆಗೆ ಹೆದರಿ ಎಕರೆ ಕಡಿಮೆ ಹೇಳುವ ಹಾಗೆ ಓಣಿಯ ಜನ ಮಕ್ಕಳನ್ನು ಕಡಿಮೆ ಹೇಳತೊಡಗಿದರು. ಮೊದಲು ಕಡಿಮೆಯಾದವರು ಯಾರು? ಹೆಣ್ಣುಮಕ್ಕಳೇ. ಒಂದು ಮುಂಜಾನೆ ಸಾಲು ಹೊರಟಾಗ ಅದರಲ್ಲಿ ಉಚ್ಚೆಂಗೆಮ್ಮ ಒಬ್ಬಳೇ ಹುಡುಗಿ.

ಅವಳು ಮಕ್ಕಳು ಸೇರುವ ಬೇವಿನ ಮರದ ತನಕ ಹೋದಳು. ಅಂಬಮ್ಮನ ಮನೆಯ ಬಾಗಿಲು ನೋಡಿದಳು. ಪಾಟಿಚೀಲ ಹೊತ್ತುಕೊಂಡೇ ವಾಪಸು ಬಂದಳು.

“ಯಾಕವಾ?” ಎಂದ ಮರಿಬಸಪ್ಪ.

“ಇವತ್ತು ಬಂದಾಳು, ನಾಳಿ ಬಂದಾಳು ಅಂತ ನೋಡಿದೆ. ಅಂಬಿ ಇನ್ನ ಬರಂಗನ ಇಲ್ಲಂತ. ನಾನೂ ಒಲ್ಲೆ.”

“ಪಾಳಿ ಐತಲ್ಲ, ದಾಟಸಾಕ ಮಂದಿ ಅದಾರಲ್ಲ?”

“ನೀನ ಪಾಳಿ ಹಂಚಿದಿಯಂತ. ಅದಕ್ಕ ಅಂಬಿನ್ನ ನಿಲ್ಲಿಸ್ಯಾರಂತ. ಅವರವ್ವ ಅಂದ್ಲು.”

ಅಷ್ಟು ಹೇಳಿ ಹುಡುಗಿ ಚೀಲ ಗೂಟಕ್ಕೆ ಹಾಕಿದಳು. ಚೊಂಬು ತರಲಿಲ್ಲ, ಮಗ್ಗಿ ಬರೆಯಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿಕೊಂಡಳು.

ಮರಿಬಸಪ್ಪ ಕಟ್ಟೆಯ ಮೇಲೆ ಕೂತ. ಗುರುಬಸಮ್ಮ ತಾಟಿನಲ್ಲಿ ಒಗ್ಗರಣೆ ಮಂಡಕ್ಕಿ ಹಾಕಿಕೊಟ್ಟು ಎದುರಿಗೆ ಕೂತಳು. ಬಯ್ಯುತ್ತಾಳೆ ಅಂತ ಅವನು ಕಾದ. ಅವಳು ಬಯ್ಯಲಿಲ್ಲ.

“ಒಂದು ಮಾತು ಕೇಳ್ತೀನಿ, ಸಿಟ್ಟು ಮಾಡ್ಕೊಬ್ಯಾಡ್ರಿ,” ಎಂದಳು. “ಒಂದು ಎಕರೀಗಿ ನೀರು ಬಿಟ್ರ ಇನ್ನೊಂದು ಎಕರೀಗಿ ಆ ನೀರು ಸಿಗತೈತೇನು?”

“ಹೆಂಗ ಸಿಗ್ತೈತಿ? ಹರದದ್ದು ಹರದಂಗ.”

“ನೀವು ಅವತ್ತು ಮಕ್ಕಳ್ನ ಕರ್ಕೊಂಡು ಹೋದ್ರಿ. ಒಂದ ಹುಡುಗಿ ಇದ್ದಿದ್ರ ಎಷ್ಟು ನಡೀತಿದ್ರಿ?”

“ಒಂದೂವರಿ ಮೈಲಿ.”

“ಓಣಿ ಹುಡುಗ್ರೆಲ್ಲಾ ಇದ್ವಲ್ಲ, ಎಷ್ಟು ನಡದ್ರಿ?”

ಮರಿಬಸಪ್ಪನ ಕೈಯಲ್ಲಿ ಮಂಡಕ್ಕಿ ಹಾಗೇ ಉಳಿಯಿತು. “ಅಷ್ಟ. ಒಂದೂವರಿ ಮೈಲಿನ.”

“ಅದ ಮತ್ತ! ನೀರು ಹಂಚಿದ್ರ ಕಡಿಮ್ಯಾಗ್ತೈತ್ರಿ. ದಾರಿ ಹಂಚಿದ್ರ ಏನು ಕಡಿಮಿ ಆತು? ಮಕ್ಕಳ ತಲಿ ಎಣಿಸಿದ್ರಿ ನೋಡ್ರಿ, ಅಲ್ಲೇ ಎಡವಟ್ಟಾತು.”

ಅವತ್ತು ಮರಿಬಸಪ್ಪನಿಗೆ ನಿದ್ದೆ ಹತ್ತಲಿಲ್ಲ. ತಾನೇ ಕಟ್ಟಿದ ಒಡ್ಡಿಗೆ ತನ್ನ ಮಗಳೇ ಸಿಕ್ಕಿಕೊಂಡಳಲ್ಲ ಅಂತ ಮರುಗಿದ. ಗಾದಿಲಿಂಗಪ್ಪನ ಹತ್ತಿರ ಹೋಗಿ ಹೇಳಬೇಕು. ಹೇಗೆ ಹೇಳುವುದು? ಅವನು ಬಗ್ಗುವ ಆಸಾಮಿ ಅಲ್ಲ.

ಮಾರನೆಯ ದಿನ ಬೆಳಗಾಗುತ್ತಾ ಬಂದಿತ್ತು. ತೂಬಿನ ಹತ್ತಿರ ಮರಿಬಸಪ್ಪ ಸಲಿಕೆಗೆ ಗದ್ದ ಊರಿ ನಿಂತಿದ್ದ. ಮಂಜಿನೊಳಗಿಂದ ಗಾದಿಲಿಂಗಪ್ಪ ಕಂಬಳಿ ಹೊದ್ದು ಬಂದ. ಬಂದವನು ನೀರಿನ ಮಾತು ಆಡಲಿಲ್ಲ. ಬೀಡಿ ಹಚ್ಚಿದ, ಆರಿಸಿದ, ಮತ್ತೆ ಹಚ್ಚಿದ.

“ಲೇ ಮರಿಬಸಾ.”

“ಹೇಳಣ್ಣ.”

“ಆ ಆಮಿ ಏನಾತಲೇ?”

ಮರಿಬಸಪ್ಪನಿಗೆ ತಾನು ಕನಸಿನಲ್ಲಿದ್ದೇನೆಯೇ ಅನ್ನಿಸಿತು. “ಯಾವ ಆಮಿ?”

“ಅದ, ನೀರು ಎಲ್ಲಿ ಮಕ್ಕೊಂತೈತಿ ಅಂತ ನೋಡಾಕ ಹೊಂಟಿತ್ತಲ್ಲ. ನನ್ನ ಪಾಳಿ ಕಡಿ ದಿನ ಅಂಬಿ ಹೇಳಿದ್ಲು. ಬಾವಿ ಕೇಳ್ತು, ಹಳ್ಳ ಕೇಳ್ತು, ಹೊಳಿ ಕೇಳ್ತು. ಕಡೀಗಿ ಡ್ಯಾಮಿನ ಗ್ವಾಡಿಗಿ ಕಿವಿ ಹಚ್ಚಿತಂತ. ಒಳಗ ಯಾರೋ ಗರ್‍ ಗರ್‍ ಅಂತ ಗೊರಕಿ ಹೊಡಿಯಾಕತ್ತಿದ್ರಂತ. ಯಾರಂತ?”

“ನಿನ್ನ ಮಗಳನ್ನ ಕೇಳಬೇಕಪ್ಪ.”

“ಆಕಿನ್ನ ಸಾಲಿ ಬಿಡ್ಸೀನಲ್ಲ! ಆಕೀಗಿ ಗೊತ್ತಿಲ್ಲ, ಗಂಡುಹುಡುಗ್ರದು ಬ್ಯಾರೆ ಕ್ಲಾಸು. ನಿನ್ನ ಮಗಳಿಗಿ ಗೊತ್ತಿರಬೇಕಲ್ಲ, ಕೇಳು.”

“ಆಕೀನೂ ಬಿಟ್ಟಾಳ. ಅಂಬಿ ಇಲ್ಲಂದ್ರ ಹೋಗಂಗಿಲ್ಲಂತ.”

ಮಂಜು ಅವರ ಕಾಲ ಹತ್ತಿರದಿಂದ ಎದ್ದು ಆಚೆ ಹೋಗುತ್ತಿತ್ತು. ಗಾದಿಲಿಂಗಪ್ಪ ಮೆಲ್ಲಗೆ ಹೇಳಿದ, “ಖರೇ ಹೇಳ್ಲೇನು? ಆ ಐದು ದಿನ ಗೊಣಗಿದೆ, ಅದು ಬ್ಯಾರೆ ಮಾತು. ಆದ್ರ ನನ್ನ ಮಗಳು ಅಷ್ಟು ಚಂದಗ ಮಾತಾಡ್ತಾಳ ಅಂತ ನನಗ ಗೊತ್ತ ಇದ್ದಿಲ್ಲಲೇ. ಮನ್ಯಾಗ ಆಕಿ ದನಿ ಕೇಳಿದ್ದ ಇಲ್ಲ ನಾನು.”

ಮರಿಬಸಪ್ಪ ಸಲಿಕೆ ಪಕ್ಕಕ್ಕಿಟ್ಟ. “ಅಣ್ಣ, ತಪ್ಪು ನಂದು. ಮಕ್ಕಳನ್ನ ಎಕರಿ ಎಣಿಸಿದಂಗ ಎಣಿಸಿದೆ. ನೀನ ಹೇಳು, ಐದು ದಿನ ನಡದಿ. ನನ್ನ ಮಗಳು ಸಂಗಾಟ ಇದ್ಲಂತ ನಿನಗ ಒಂದು ಹೆಜ್ಜಿ ಹೆಚ್ಚಿಗಿ ಬಿತ್ತೇನು?”

“ಇಲ್ಲ ಬಿಡು.”

“ಹಂಗ ನನಗೂ. ಇನ್ನ ಮ್ಯಾಲ ತಲಿ ಎಣಸಂಗಿಲ್ಲ. ಮನಿಗೊಂದು ಪಾಳಿ, ಮುಗೀತು. ಐದು ಹುಡುಗ್ರಿರ್ಲಿ, ಒಂದಿರ್ಲಿ. ಇವತ್ತು ನಾನ ಹೋಗ್ತೀನಿ. ಅಂಬಿನ್ನ, ತಂಗೇರ್‍ನ ಕಳ್ಸು.”

ಗಾದಿಲಿಂಗಪ್ಪ ಬೀಡಿ ಒಗೆದ. “ಮಂದಿ ಏನಂತಾರ? ಐದು ಮಕ್ಕಳಿಟ್ಕೊಂಡು ಒಂದ ಪಾಳಿ ಮಾಡ್ತಾನ, ಮಂದಿ ಮ್ಯಾಲ ಹೇರ್‍ತಾನ ಅನ್ನಂಗಿಲ್ಲೇನು?”

“ಅಂದ್ರ ನಾನು ಅದೀನಿ, ಉತ್ತರ ಕೊಡ್ತೀನಿ. ಅವರ ಮಕ್ಕಳನ್ನ ನೀನು ದಾಟಸಂಗಿಲ್ಲೇನು?”

ಗಾದಿಲಿಂಗಪ್ಪ ಕಂಬಳಿ ಕೊಡವಿ ಹೊದ್ದುಕೊಂಡ. ಓಣಿಯ ಕಡೆ ನಡೆದೇಬಿಟ್ಟ. ಆದರೆ ಶಾಲೆಯ ಹೊತ್ತಿಗೆ ಬೇವಿನ ಮರದ ಕೆಳಗೆ ಅಂಬಮ್ಮ ತನ್ನ ಇಬ್ಬರು ತಂಗಿಯರ ಜೊತೆ ನಿಂತಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಸಿಕೊಂಡಿದ್ದಳು. ಉಚ್ಚೆಂಗೆಮ್ಮ ಓಡಿಹೋಗಿ ಅವಳ ಕೈ ಹಿಡಿದಳು. ಮರಿಬಸಪ್ಪ ಹೊಗೆ ಹೋಯಿತು ಅಂತ ಕೆಮ್ಮಿ ಸುಮ್ಮನಾದ. ಅಲ್ಲಿ ಹೊಗೆ ಎಲ್ಲಿತ್ತೋ ಅವನೇ ಬಲ್ಲ.

ಅಂದು ಸಂಜೆ ಗಾದಿಲಿಂಗಪ್ಪ ಗದ್ದೆಯಿಂದ ಬೇಗನೆ ಬಂದು ಹಲಗೆಯ ಹತ್ತಿರ ದಂಡೆಯ ಮೇಲೆ ಕಾದು ನಿಂತಿದ್ದ. ಮಕ್ಕಳು ದೂರದಲ್ಲಿ ಕಂಡದ್ದೇ ತಡ, “ಯಾರಂತವಾ ಗೊರಕಿ ಹೊಡಿಯೋರು?” ಅಂತ ಕೂಗಿದ.

ಅಂಬಮ್ಮ ನಗುತ್ತಾ ಓಡಿ ಬಂದಳು. ಅಕ್ಕೋರು ಹುಡುಗಿಯರು ಬರಲಿ ಅಂತ ಕಥೆಯನ್ನು ಅಲ್ಲೇ ನಿಲ್ಲಿಸಿಟ್ಟಿದ್ದರಂತೆ. “ನೀರು ಅಲ್ಲಂತ ಯಪ್ಪಾ! ನೀರು ಎಚ್ಚರಾನ ಇತ್ತಂತ. ಗೊರಕಿ ಹೊಡಿಯಾಕತ್ತಿದ್ದು ನೀರು ಕಾಯೋ ಮನಷ್ಯಾನಂತ! ನೀರು ಅಂತಂತ, ನಾನು ಎಂದೂ ಮಲಗಂಗಿಲ್ಲ, ಕಾಯೋರ ಮಲಗ್ತಾರ ಅಂತ.”

ಗಾದಿಲಿಂಗಪ್ಪ ಮರಿಬಸಪ್ಪನ ಮುಖ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಕ್ಕೋರು ನಿನ್ನ ನೋಡೇ ಕತಿ ಕಟ್ಯಾರಲೇ!” ಮಕ್ಕಳೂ ನಕ್ಕರು. ನಗುತ್ತಾ ನಗುತ್ತಾ ಗಾದಿಲಿಂಗಪ್ಪನ ಕಣ್ಣು ಹಲಗೆಯ ಕೆಳಗೆ ಸುಳಿ ಸುತ್ತುತ್ತಿದ್ದ ನೀರಿನ ಮೇಲೆ ಬಿತ್ತು. ನಗು ನಿಂತಿತು. ಸಣ್ಣ ಮಗಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು, “ಖರೇನ ಐತಿ,” ಎಂದ. “ನಾವು ಎಚ್ಚರ ಇರಬೇಕಪ್ಪ.”

ಮತ್ತೆ ಬಸವಣ್ಣನ ಕಟ್ಟೆಯ ಹತ್ತಿರ ಜನ ಸೇರಿದರು. ಈ ಸಲ ಮಾತಾಡಿದವನು ಗಾದಿಲಿಂಗಪ್ಪ. ಮನೆಗೊಂದು ಪಾಳಿ, ತಲೆ ಎಣಿಸುವ ಹಾಗಿಲ್ಲ, 'ಮಗಳನ್ನ ಬಚ್ಚಿಟ್ಟರ ನೋಡ್ರಿ ಮತ್ತ' ಅಂತ ಕೈ ಎತ್ತಿ ಹೇಳಿದ. ಬಚ್ಚಿಟ್ಟವರಲ್ಲಿ ಮೊದಲನೆಯವನು ತಾನೇ ಅನ್ನುವುದು ಅವನಿಗೆ ಮರೆತೇ ಹೋಗಿತ್ತು. ಯಾರೂ ನೆನಪು ಮಾಡಲಿಲ್ಲ.

ಎಲ್ಲ ಮುಗಿದು ಜನ ಏಳುವ ಹೊತ್ತಿಗೆ ಓಣಿಯ ಕೊನೆಯ ಮನೆಯ ಮೂಕಮ್ಮ ಮುಂದೆ ಬಂದಳು. ತಲೆ ಅರ್ಧ ನರೆತಿತ್ತು. ತೊಟ್ಟಿಲು ಕಟ್ಟುವ ಭಾಗ್ಯ ಅವಳ ಮನೆಗೆ ಬಂದಿರಲಿಲ್ಲ. ಮದುವೆ, ಸೀಮಂತ ಅಂದರೆ ಹಿಂದೆ ಉಳಿಯುವವಳು. ಅವಳು ಬಂದು ಮಾತಾಡಿದ್ದನ್ನು ಕಂಡವರೇ ಕಡಿಮೆ.

“ಮನಿಗೊಂದು ಪಾಳಿ ಅಂದ್ರಲ್ಲಪ್ಪ,” ಎಂದಳು ಮರಿಬಸಪ್ಪನಿಗೆ. “ನಂದು ಯಾವತ್ತು ಅಂತ ಹೇಳಲಿಲ್ಲ.”

ಜನ ಒಬ್ಬರ ಮುಖ ಒಬ್ಬರು ನೋಡಿದರು. ಮರಿಬಸಪ್ಪ ತಡವರಿಸಿದ. “ಅದಲ್ಲವಾ... ನಿಮ್ಮ ಮನ್ಯಾಗ ಹುಡುಗ್ರು...”

“ಇಲ್ಲ,” ಎಂದಳು ಮೂಕಮ್ಮ. “ಹುಡುಗ್ರಿಲ್ಲ. ನಮ್ಮದೂ ಮನೀನ ಅಲ್ಲೇನಪ್ಪ?”

ಅವಳು ಸೆರಗು ಬಾಯಿಗೆ ಹಿಡಿದು ಇನ್ನೂ ಮೆಲ್ಲಗೆ ಹೇಳಿದಳು. “ಮುಂಜಾನೆದ್ದು ನನ್ನ ಮುಖ ನೋಡಿದ್ರ ಒಳ್ಳೇದಾಗಂಗಿಲ್ಲ ಅಂತ ಅಂತಾರ, ನನಗ ಗೊತ್ತೈತಿ. ಹಂಗಿದ್ರ ನಾನು ಮಕ್ಕಳ ಹಿಂದ ನಡೀತೀನಿ. ಮುಂದ ಬರಂಗಿಲ್ಲ.”

ಗುರುಬಸಮ್ಮ ಕಣ್ಣು ಒರೆಸಿಕೊಂಡಳು. ಜನರ ನಡುವಿನಿಂದ ದಪ್ಪ ದನಿಯೊಂದು ಬಂತು. ಗಾದಿಲಿಂಗಪ್ಪನದು.

“ಹಿಂದ ನಡದ್ರ ಹಲಗಿ ಮ್ಯಾಲ ನಮ್ಮ ಹುಡುಗ್ರ ಕೈ ಯಾರು ಹಿಡೀತಾರವಾ? ಮುಂದ ನಡಿ. ನಾಳಿ ನಿಂದ ಪಾಳಿ.”

ಮಾರನೆಯ ದಿನ ಮಕ್ಕಳು ಬರುವ ಮೊದಲೇ ಮೂಕಮ್ಮ ಬೇವಿನ ಮರದ ಕೆಳಗಿದ್ದಳು. ಪೆಟ್ಟಿಗೆಯಲ್ಲಿಟ್ಟಿದ್ದ ಇಳಕಲ್ ಸೀರೆ ತೆಗೆದು ಉಟ್ಟಿದ್ದಳು. ತುಂತುರು ಮಳೆ ಬರುತ್ತಿತ್ತು. ಮಕ್ಕಳೆಲ್ಲ ಅವಳ ಸೆರಗಿನೊಳಗೆ ತಲೆ ತೂರಿಸಿದರು. ಅಷ್ಟು ಮಕ್ಕಳಿಗೆ ಒಂದು ಸೆರಗು ಎಲ್ಲಿ ಸಾಲುತ್ತದೆ? ಆದರೂ ತೂರಿಸಿದರು. ದಂಡೆಯ ಮೇಲೆ ಆ ಗುಂಪು ಮೆಲ್ಲಗೆ ಚಲಿಸುತ್ತಾ ಮಂಜಿನಲ್ಲಿ ಮರೆಯಾಗುವುದನ್ನು ಮರಿಬಸಪ್ಪ ನೋಡುತ್ತಾ ನಿಂತ. ಹಲಗೆಯ ಹತ್ತಿರ ಅವಳು ಒಬ್ಬೊಬ್ಬರ ಕೈಯನ್ನೂ ಎರಡೂ ಕೈಯಲ್ಲಿ ಹಿಡಿದು ದಾಟಿಸಿದಳು. ಎಲ್ಲರೂ ದಾಟಿದ ಮೇಲೆ ಉಚ್ಚೆಂಗೆಮ್ಮ ತಿರುಗಿ ನಿಂತು ತನ್ನ ಕೈ ಚಾಚಿದಳು. “ಈಗ ನೀನು ಬಾ ದೊಡ್ಡವ್ವ,” ಎಂದಳು.

ಆ ವರ್ಷ ಉಚ್ಚೆಂಗೆಮ್ಮ, ಅಂಬಮ್ಮ ಇಬ್ಬರೂ ನಾಲ್ಕನೆಯ ತರಗತಿ ಪಾಸಾದರು. ಓಣಿಯವರೆಲ್ಲ ಸೇರಿ ಹೋಗಿ ಕೇಳಿದ ಮೇಲೆ ಹಲಗೆಗೆ ಕಂಬಿಯೂ ಬಂತು. ಕಂಬಿ ಬಂದರೂ ಪಾಳಿ ನಿಲ್ಲಲಿಲ್ಲ. ದಾರಿಯ ಪಾಳಿ ಮುಗಿಸಿ ಬಂದವರು ಶಾಲೆಯ ಅಂಗಳದಲ್ಲಿ ಸ್ವಲ್ಪ ಹೊತ್ತು ಕೂರತೊಡಗಿದರು. ಒಬ್ಬರು ಹೆಂಚು ಸರಿಮಾಡಿದರು. ಒಬ್ಬರು ಕುಡಿಯುವ ನೀರು ತುಂಬಿಸಿಟ್ಟರು.

ತಾಯಂದಿರೇ, ತಂದೆಯರೇ, ಈ ಕಥೆ ಓದಿಸಿ ಕೇಳುತ್ತಿರುವ ಎಲ್ಲರೇ, ನೀವು ಸಿರುಗುಪ್ಪದ ಕಡೆಯವರಿರಬಹುದು, ಮೋಕದವರಿರಬಹುದು, ಬಳ್ಳಾರಿಯ ಗಿಜಿಗಿಜಿ ಓಣಿಯವರಿರಬಹುದು. ನಿಮ್ಮ ಮಕ್ಕಳ ದಾರಿಯಲ್ಲಿ ಕಾಲುವೆ ಇಲ್ಲದಿದ್ದರೆ ಲಾರಿ ಓಡುವ ರಸ್ತೆ ಇದ್ದೀತು, ಹಳ್ಳ ಇದ್ದೀತು. ಓದು ಬರುವುದಿಲ್ಲ, ಶಾಲೆಯಲ್ಲಿ ನಮಗೇನು ಕೆಲಸ ಅನ್ನಬೇಡಿ. ಕೈ ಹಿಡಿದು ದಾಟಿಸಲು ಅಕ್ಷರ ಬೇಕಾಗಿಲ್ಲ. ನಮ್ಮ ಮನೆಯಲ್ಲಿ ಒಂದೇ ಮಗು, ನಮ್ಮ ಮಕ್ಕಳು ದೊಡ್ಡವರಾದರು, ನಮಗೆ ಮಕ್ಕಳೇ ಇಲ್ಲ ಅಂತ ಲೆಕ್ಕ ಹಾಕುತ್ತಾ ಕೂರಬೇಡಿ. ಶಾಲೆಗೆ ಹೋಗಿ ಗುರುಗಳನ್ನು ಕಾಣಿ. ವಾರದಲ್ಲೊಂದು ಮುಂಜಾನೆ, ತಿಂಗಳಲ್ಲೊಂದು ಮುಂಜಾನೆ, ನಿಮ್ಮ ಕೈಲಾದಷ್ಟು ಹೊತ್ತು ಕೊಡಿ. ಹೆಣ್ಣುಮಗುವನ್ನು ಮನೆಯಲ್ಲಿ ನಿಲ್ಲಿಸುವ ಮೊದಲು ನೆರೆಮನೆಯ ಬಾಗಿಲು ತಟ್ಟಿ, ಇಬ್ಬರೂ ಸೇರಿ ದಾರಿ ಹುಡುಕಿ. ನಾಳೆ ಮುಂಜಾನೆ ನಿಮ್ಮ ಓಣಿಯ ಮಕ್ಕಳು ಶಾಲೆಗೆ ಹೊರಡುತ್ತಾರೆ. ಯಾರ ಪಾಳಿ ಅಂತ ಇವತ್ತೇ ಮಾತಾಡಿಕೊಳ್ಳಿ.